ತಕ್ಕಷ್ಟು ಅಂಟು

ಕಳೆದ ಮಳೆಗಾಲದಲ್ಲಿ ಅಮ್ಮ ಊರಿನಿಂದ ಮುಂಬಯಿಗೆ ಬಂದು ನಮ್ಮ ಮನೆಯಲ್ಲಿ ನಾಲ್ಕು ತಿಂಗಳು ಇದ್ದಳು. ಅವಳಿಗೆ ಬಹುಕಾಲದ ಎದೆಯುರಿ. ವೈದ್ಯರು ಬೆಳಗ್ಗೆ ಬರಿಹೊಟ್ಟೆಯಲ್ಲಿ ನುಂಗಬೇಕಾದ ಒಂದು ಕ್ಯಾಪ್ಸೂಲ್ ಬರೆದುಕೊಟ್ಟರು. ಅಮ್ಮನಿಗೆ ಕ್ಯಾಪ್ಸೂಲ್ ಗಂಟಲಲ್ಲಿ ಇಳಿಯುವುದಿಲ್ಲ. ನಾನು ಅದನ್ನು ಬಿಡಿಸಿ ನೋಡಿದೆ. ಒಳಗೆ ಸಾಸಿವೆಗಿಂತ ಸಣ್ಣದಾದ, ಅಚ್ಚುಕಟ್ಟಾಗಿ ದುಂಡಗಿರುವ, ಬಿಳಿಯ ಕಾಳುಗಳಿದ್ದವು. ನಮ್ಮ ಮನೆತನದಲ್ಲಿ ಗುಳಿಗೆಯೆಂದರೆ ತೇದು ಕೊಡುವ ವಸ್ತು. ಅಜ್ಜಿ ನಾಟಿ ವೈದ್ಯರ ಮಾತ್ರೆಗಳನ್ನು ಸಾಣೆಕಲ್ಲಿನ ಮೇಲೆ ಜೇನಿನಲ್ಲಿ ತೇದು ನಮ್ಮ ನಾಲಿಗೆಗೆ ಸವರುತ್ತಿದ್ದಳು. ಅದೇ ಅಭ್ಯಾಸದಿಂದ ನಾನು ಆ ಕಾಳುಗಳನ್ನು ಕುಟ್ಟಾಣಿಯಲ್ಲಿ ನುಣ್ಣಗೆ ಅರೆದು, ಚಮಚ ನೀರಿನಲ್ಲಿ ಕದಡಿ, ಆರು ವಾರ ಅಮ್ಮನಿಗೆ ಕುಡಿಸಿದೆ. ಉರಿ ಒಂದಿಷ್ಟೂ ಇಳಿಯಲಿಲ್ಲ.

ಮತ್ತೆ ವೈದ್ಯರಲ್ಲಿಗೆ ಹೋದೆವು. ಅವರು ಔಷಧವನ್ನು ಬದಲಿಸುವ ಮೊದಲು ಒಂದು ಪ್ರಶ್ನೆ ಕೇಳಿದರು: "ಹೇಗೆ ಕೊಡುತ್ತೀರಿ?" ನಾನು ಹೇಳಿದೆ. ಅವರು ಲೇಖನಿಯನ್ನು ಕೆಳಗಿಟ್ಟರು. ಈ ಔಷಧಿ ಹೊಟ್ಟೆಯ ಆಮ್ಲದಲ್ಲಿ ನಾಶವಾಗುವಂಥದ್ದು. ಅದು ಸಣ್ಣ ಕರುಳನ್ನು ಮುಟ್ಟಿದ ಮೇಲೆಯೇ ಕರಗಬೇಕು. ಅದಕ್ಕಾಗಿಯೇ ಪ್ರತಿಯೊಂದು ಕಾಳಿಗೂ ಒಂದು ಕವಚ ಹಾಕಿರುತ್ತಾರೆ. ನೀವು ಆ ಕವಚವನ್ನು ಒಡೆದು, ಔಷಧಿಯನ್ನು ಅದರ ಶತ್ರುವಿನ ಕೈಗೇ ಒಪ್ಪಿಸಿದ್ದೀರಿ ಎಂದರು. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ. ಆದರೂ ತಲೆತಗ್ಗಿಸಿಕೊಂಡು ಹೊರಬಂದೆ. ಎಂ.ಎ. ಓದಿದ, ಇಪ್ಪತ್ತು ವರ್ಷ ಕಡತಗಳ ಸಣ್ಣಕ್ಷರವನ್ನೆಲ್ಲ ಓದಿಯೇ ಸಹಿ ಹಾಕಿದ ಮನುಷ್ಯ, ಅಮ್ಮನ ಔಷಧಿಯ ಹಾಳೆಯ ಹಿಂಬದಿಯನ್ನು ಓದಿರಲಿಲ್ಲ.

ಅಂದು ರಾತ್ರಿ ಓದಿದೆ. ಔಷಧಿಯ ಹೆಸರು, ಇಪ್ಪತ್ತು ಮಿಲಿಗ್ರಾಂ ಎಂಬ ತೂಕ, ಕವಚವಿರುವ ಪೆಲೆಟ್‌ಗಳ ರೂಪದಲ್ಲಿ ಎಂಬ ವಿವರ, ಕೊನೆಗೆ ಒಂದೇ ಸಾಲು: ಎಕ್ಸಿಪಿಯೆಂಟ್ಸ್, ಕ್ಯೂ.ಎಸ್. ಈ ಎರಡಕ್ಷರ ಲ್ಯಾಟಿನ್ ಮಾತಿನ ಸಂಕ್ಷೇಪ. 'ಸಾಕಾಗುವಷ್ಟು' ಎಂದು ಅರ್ಥ. ಅಮ್ಮ ಅಡಿಗೆ ಹೇಳಿಕೊಡುವಾಗ ಉಪ್ಪಿನ ಅಳತೆ ಕೇಳಿದರೆ 'ತಕ್ಕಷ್ಟು' ಎನ್ನುತ್ತಾಳಲ್ಲ, ಅದೇ ಮಾತು. ಎಕ್ಸಿಪಿಯೆಂಟ್ ಎಂಬುದೂ ಲ್ಯಾಟಿನ್ನಿನದೇ. 'ತನ್ನೊಳಗೆ ಬರಮಾಡಿಕೊಳ್ಳುವುದು' ಎಂಬ ಧಾತುವಿನಿಂದ ಬಂದದ್ದು. ಗುಣಪಡಿಸುವುದು ಔಷಧಿಯ ಕೆಲಸ; ಆ ಔಷಧಿಯನ್ನು ಹಿಡಿದು, ಕಟ್ಟಿ, ಹೊತ್ತು, ಸರಿಯಾದ ಸ್ಥಳದಲ್ಲಿ ಇಳಿಸುವುದು ಇದರ ಕೆಲಸ. ಕನ್ನಡದಲ್ಲಿ ಇದನ್ನು ಸಹದ್ರವ್ಯ ಎಂದು ಕರೆಯೋಣ. ಅಮ್ಮನ ಕ್ಯಾಪ್ಸೂಲಿನಲ್ಲಿ ಔಷಧಿಗಿಂತ ಸಹದ್ರವ್ಯದ ತೂಕವೇ ಹಲವು ಪಟ್ಟು ಹೆಚ್ಚು. ಆದರೂ ಅದಕ್ಕೆ ಹೆಸರಿಲ್ಲ, ಪ್ರಮಾಣವಿಲ್ಲ, 'ತಕ್ಕಷ್ಟು' ಅಷ್ಟೆ. ಈ ಹೆಸರಿಲ್ಲದವರ ಚರಿತ್ರೆಯನ್ನು ಹುಡುಕುತ್ತ ಹೋದಾಗ ಸಿಕ್ಕಿದ್ದನ್ನು ಬಳಗದ ಓದುಗರ ಮುಂದೆ ಇಡುತ್ತಿದ್ದೇನೆ.

ಪುಡಿಯನ್ನು ಉಂಡೆ ಕಟ್ಟುವ ಸಮಸ್ಯೆ ವೈದ್ಯದಷ್ಟೇ ಹಳೆಯದು. ಬೇರು, ತೊಗಟೆ, ಎಲೆಗಳ ಪುಡಿ ತಾನಾಗಿ ಉಂಡೆಯಾಗುವುದಿಲ್ಲ. ಅದಕ್ಕೆ ಒಂದು ಅಂಟು ಬೇಕು. ಸುಮಾರು ಕ್ರಿ.ಪೂ. 1550ರದೆಂದು ಎಣಿಸಲಾಗುವ ಈಜಿಪ್ಟಿನ ಎಬರ್ಸ್ ಪಪೈರಸ್ಸಿನ ಕಾಲದಲ್ಲಿ ರೊಟ್ಟಿಯ ಹಿಟ್ಟು, ಜೇನು, ಕೊಬ್ಬುಗಳಲ್ಲಿ ಔಷಧದ ಪುಡಿಯನ್ನು ನಾದಿ ಗುಳಿಗೆ ಮಾಡುತ್ತಿದ್ದರು. ನಮ್ಮಲ್ಲಿ ಇದನ್ನು ಶಾಸ್ತ್ರವಾಗಿ ಬರೆದಿಟ್ಟವನು ಶಾರ್ಙ್ಗಧರ. ಅವನ ಸಂಹಿತೆಯ ಮಧ್ಯಮ ಖಂಡದಲ್ಲಿ ವಟಿ, ಗುಟಿಕೆಗಳಿಗೇ ಒಂದು ಅಧ್ಯಾಯವಿದೆ. ಅಲ್ಲಿ ಅಂಟಿನ ಲೆಕ್ಕ ಸ್ಪಷ್ಟ: ಸಕ್ಕರೆಯಾದರೆ ಪುಡಿಯ ನಾಲ್ಕು ಪಟ್ಟು, ಬೆಲ್ಲವಾದರೆ ಎರಡು ಪಟ್ಟು, ಗುಗ್ಗುಳ ಅಥವಾ ಜೇನಾದರೆ ಪುಡಿಯಷ್ಟೇ. ಆ ವೈದ್ಯನ ಮಟ್ಟಿಗೆ ಅಂಟು 'ತಕ್ಕಷ್ಟು' ಆಗಿರಲಿಲ್ಲ. ಅದಕ್ಕೆ ಹೆಸರಿತ್ತು, ಅಳತೆಯಿತ್ತು. ಇನ್ನೂ ಒಂದು ಮಾತು. ಆಯುರ್ವೇದವು ಜೇನನ್ನು ಯೋಗವಾಹಿ ಎನ್ನುತ್ತದೆ. ಎಂದರೆ, ತಾನು ಕೂಡಿಕೊಂಡ ದ್ರವ್ಯದ ಗುಣವನ್ನು ಹೊತ್ತೊಯ್ಯುವುದು. ಸಹದ್ರವ್ಯಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯೆ ಇಂದಿನ ಪಠ್ಯಪುಸ್ತಕಗಳಲ್ಲೂ ನನಗೆ ಸಿಗಲಿಲ್ಲ.

ಕಟ್ಟುವ ಅಂಟಿನ ಬೆನ್ನಲ್ಲೇ ಮುಚ್ಚುವ ಅಂಟು ಬಂದಿತು. ಸುಮಾರು ಕ್ರಿ.ಶ. 900ರಲ್ಲಿದ್ದ ಪರ್ಷಿಯಾದ ವೈದ್ಯ ಅಲ್ ರಾಝಿ, ಕಹಿ ಗುಳಿಗೆಗಳಿಗೆ ಇಸಬಗೋಲಿನ ಬೀಜದ ಲೋಳೆಯನ್ನು ಸವರುತ್ತಿದ್ದನೆಂದು ಔಷಧಶಾಸ್ತ್ರದ ಚರಿತ್ರೆಕಾರರು ಬರೆಯುತ್ತಾರೆ. ಅವನ ನಂತರದ ಇಬ್ನ್ ಸೀನಾ ಚಿನ್ನ, ಬೆಳ್ಳಿಯ ತಗಡು ಹೊದಿಸಿದನೆನ್ನುತ್ತಾರೆ. ಚಿನ್ನದ ತಗಡು ಕಣ್ಣಿಗೆ ಚೆಂದ. ಇಸಬಗೋಲು ನಾಲಿಗೆಗೆ ಹಿತ. ನೀರು ತಾಗಿದರೆ ಉಬ್ಬಿ ಜಾರುತ್ತದೆ, ಗಂಟಲಿಗೆ ತಡೆಯಾಗುವುದಿಲ್ಲ. ಗಂಟಲಲ್ಲಿ ಇಳಿಯದ ಗುಳಿಗೆಯ ದೂರು ಅಮ್ಮನೊಬ್ಬಳದೇ ಅಲ್ಲ, ಸಾವಿರ ವರ್ಷಗಳಷ್ಟು ಹಳೆಯದು.

ಇಸಬಗೋಲು, ಗೋಂದು, ಪಿಷ್ಟ, ಹತ್ತಿಯ ನಾರು ಇವೆಲ್ಲ ಬೇರೆಬೇರೆಯಾಗಿ ಕಂಡರೂ ಒಳಗಿನ ಕಟ್ಟಡದಲ್ಲಿ ಒಂದೇ ಕುಲದವು. ಸಕ್ಕರೆಯ ಬಗೆಯ ಸಣ್ಣ ಅಣುಗಳು ನೂರಾರು, ಸಾವಿರಾರು ಕೈಹಿಡಿದು ನಿಂತ ಉದ್ದ ಸರಪಳಿಗಳು ಅವು. 1838ರಲ್ಲಿ ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್ ಸಸ್ಯಗಳ ಗೋಡೆಯ ದ್ರವ್ಯವನ್ನು ಬೇರ್ಪಡಿಸಿ ಗುರುತಿಸಿದ. ಅದಕ್ಕೆ ಸೆಲ್ಯುಲೋಸ್ ಎಂಬ ಹೆಸರು ಬಂದಿತು. ಆದರೆ ಅದು ನಿಜವಾಗಿಯೂ ಒಂದೇ ಉದ್ದ ಅಣು ಎಂದು 1920ರಲ್ಲಿ ಜರ್ಮನಿಯ ಹರ್ಮನ್ ಸ್ಟೌಡಿಂಗರ್ ವಾದಿಸಿದಾಗ ವಿದ್ವಾಂಸರು ಸುಲಭವಾಗಿ ಒಪ್ಪಲಿಲ್ಲ. ಅವನಿಗೆ ನೊಬೆಲ್ ಪ್ರಶಸ್ತಿ ಬಂದದ್ದು 1953ರಲ್ಲಿ. ಎಂದರೆ, ಮೂರೂವರೆ ಸಾವಿರ ವರ್ಷ ಮನುಷ್ಯ ಪಾಲಿಮರ್‌ಗಳಿಂದ ಗುಳಿಗೆ ಕಟ್ಟಿದ್ದು ಪಾಲಿಮರ್ ಎಂಬುದೊಂದಿದೆ ಎಂದು ಅರಿಯದೆಯೇ.

ಅಂಟಿಗೆ ರಾಜಕೀಯವೂ ಅಂಟಿಕೊಂಡಿತು. ಆಫ್ರಿಕಾದ ಒಣನಾಡಿನ ಜಾಲಿಯ ಮರಗಳಿಂದ ಸ್ರವಿಸುವ ಗೋಂದಿಗೆ ಅರಬ್ಬೀ ಗೋಂದು ಎಂದು ಹೆಸರು. ಹದಿನೆಂಟನೆಯ ಶತಮಾನದ ಯುರೋಪಿನ ಚೀಟಿ ಬಟ್ಟೆಯ ಕಾರಖಾನೆಗಳಿಗೆ ಬಣ್ಣ ಹಿಡಿಸಲು ಅದು ಬೇಕೇಬೇಕಾಗಿತ್ತು. ಔಷಧಿಕಾರರಿಗೆ ಗುಳಿಗೆ ಕಟ್ಟಲೂ, ಎಣ್ಣೆಯನ್ನು ನೀರಿನಲ್ಲಿ ಕದಡಿ ನಿಲ್ಲಿಸಲೂ ಬೇಕಾಗಿತ್ತು. ಸೆನೆಗಲ್ ನದಿಯ ಮುಖದಲ್ಲಿದ್ದ ಫ್ರೆಂಚರ ಸೇಂಟ್ ಲೂಯಿ ಕೋಟೆಯನ್ನು 1758ರಲ್ಲಿ ಇಂಗ್ಲಿಷರು ವಶಪಡಿಸಿಕೊಂಡದ್ದರ ಹಿಂದೆ ಈ ಗೋಂದಿನ ವ್ಯಾಪಾರವೂ ಇತ್ತು. ಸುಡಾನಿನ ಮೇಲೆ ಅಮೆರಿಕ 1997ರಲ್ಲಿ ಆರ್ಥಿಕ ದಿಗ್ಬಂಧನ ಹೇರಿತು. ಆದರೆ ತಂಪು ಪಾನೀಯಕ್ಕೂ ಔಷಧಿಗೂ ಬೇಕಾದ ಗೋಂದಿಗೆ ಅದರಿಂದ ವಿನಾಯಿತಿ ಸಿಕ್ಕಿತು.

ಈ ಕಥೆಯಲ್ಲಿ ನಮ್ಮ ಮುಂಬಯಿಯೂ ಬರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕೆಂಪು ಸಮುದ್ರದ ಬಂದರುಗಳಿಂದ, ಏಡನ್ನಿನಿಂದ ಗೋಂದಿನ ಮೂಟೆಗಳು ಇಲ್ಲಿಗೆ ಬರುತ್ತಿದ್ದವು. ಇಲ್ಲಿ ಅದನ್ನು ಬಣ್ಣ, ಗಾತ್ರ ನೋಡಿ ಆರಿಸಿ, ಬೇರ್ಪಡಿಸಿ, ಮತ್ತೆ ಹಡಗೇರಿಸಿ ಇಂಗ್ಲೆಂಡಿಗೆ ಕಳಿಸುತ್ತಿದ್ದರು. ಆಫ್ರಿಕಾದ ಮರದ ಅಂಟು ಲಂಡನ್ನಿನ ಮಾರುಕಟ್ಟೆಯಲ್ಲಿ 'ಈಸ್ಟ್ ಇಂಡಿಯಾ ಗೋಂದು' ಎನಿಸಿಕೊಂಡದ್ದು ಹೀಗೆ. ಆ ಕಾಲದ ಮುಂಬಯಿಯ ಔಷಧ ಬಜಾರಿನ ಪರಿಚಯ ಬೇಕಾದವರು ವಿಲಿಯಂ ಡಿಮಾಕ್ ಮತ್ತು ಅವನ ಇಬ್ಬರು ಸಂಗಡಿಗರು 1890ರಿಂದ ಪ್ರಕಟಿಸಿದ 'ಫಾರ್ಮಕೋಗ್ರಾಫಿಯಾ ಇಂಡಿಕಾ'ದ ಸಂಪುಟಗಳನ್ನು ನೋಡಬೇಕು. ನಮ್ಮ ದಿಂಡಿಗದ ಮರದ ಅಂಟಿಗೆ ಪೇಟೆಯಲ್ಲಿ 'ಘಟ್ಟಿ' ಎಂದು ಹೆಸರು. ಘಟ್ಟಗಳನ್ನು ಇಳಿದು ಬರುತ್ತಿದ್ದುದರಿಂದ ಆ ಹೆಸರೆನ್ನುತ್ತಾರೆ. ಇಂದಿಗೂ ಔಷಧ ಕಾರಖಾನೆಗಳ ಪಟ್ಟಿಯಲ್ಲಿ ಅದು 'ಗಮ್ ಘಟ್ಟಿ'ಯೇ.

ಕವಚದ ಮಾತಿಗೆ ಬರುತ್ತೇನೆ, ಏಕೆಂದರೆ ನಾನು ಒಡೆದದ್ದು ಅದನ್ನೇ. ಹೊಟ್ಟೆಯಲ್ಲಿ ಕರಗದೆ ಕರುಳಿನಲ್ಲಿ ಕರಗುವ ಕವಚವನ್ನು ಶಾಸ್ತ್ರೀಯವಾಗಿ ಪ್ರಯತ್ನಿಸಿದವರಲ್ಲಿ ಹ್ಯಾಂಬರ್ಗಿನ ಚರ್ಮವೈದ್ಯ ಪಾಲ್ ಗೆರ್ಸನ್ ಉನ್ನಾ ಮೊದಲಿಗ. 1884ರಲ್ಲಿ ಅವನು ಕೊಂಬು, ಗೊರಸು, ಕೂದಲುಗಳಲ್ಲಿರುವ ಕೆರಾಟಿನ್ ಎಂಬ ಪ್ರೋಟೀನನ್ನು ಗುಳಿಗೆಯ ಮೇಲೆ ಸವರಿದ. ಅದರ ನಡತೆ ನಂಬಿಕೆಗೆ ಅರ್ಹವಾಗಿರಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಆ ಸ್ಥಾನಕ್ಕೆ ಬಂದದ್ದು ನಮ್ಮ ದೇಶದ ವಸ್ತು: ಅರಗು.

ಅರಗು ಎಂದ ಕೂಡಲೇ ನಮಗೆ ಪಾಂಡವರಿಗಾಗಿ ಕಟ್ಟಿಸಿದ ಮನೆಯ ನೆನಪು. ಬೇಗ ಉರಿಯುವುದೇ ಅದರ ಅವಗುಣವೆಂದು ಕಥೆ ನಮಗೆ ಕಲಿಸಿದೆ. ಅದರ ಇನ್ನೊಂದು ಗುಣ ತಾಳಿಕೊಳ್ಳುವುದು. ಮುತ್ತುಗ, ಬೋರೆ, ಕುಸುಮ ಮರಗಳ ಎಳೆಯ ಕೊಂಬೆಗಳ ಮೇಲೆ ಲಕ್ಷೋಪಲಕ್ಷ ಸಣ್ಣ ಕೀಟಗಳು ಮುತ್ತಿ, ರಸ ಹೀರಿ, ತಮ್ಮ ಸುತ್ತ ಒಂದು ರಾಳದ ಗೂಡು ಕಟ್ಟಿಕೊಳ್ಳುತ್ತವೆ. ಆ ರಾಳವೇ ಅರಗು. ಅದೂ ಒಂದು ಪಾಲಿಮರ್. ಆಮ್ಲಸ್ವಭಾವದ್ದಾದ್ದರಿಂದ ಹೊಟ್ಟೆಯ ಆಮ್ಲದಲ್ಲಿ ಕರಗುವುದಿಲ್ಲ, ಕ್ಷಾರದ ಕಡೆಗೆ ತಿರುಗುವ ಕರುಳಿನಲ್ಲಿ ನಿಧಾನವಾಗಿ ಕರಗುತ್ತದೆ. ಮಿರ್ಜಾಪುರ, ಪುರುಲಿಯಾ ಜಿಲ್ಲೆಯ ಬಲರಾಂಪುರಗಳ ಭಟ್ಟಿಗಳಲ್ಲಿ ಅರಗನ್ನು ಉದ್ದನೆಯ ಬಟ್ಟೆಯ ಚೀಲದಲ್ಲಿ ತುಂಬಿ, ಕೆಂಡದ ಮುಂದೆ ತಿರುಚಿ ಹಿಂಡುತ್ತಿದ್ದರು. ಕರಗಿ ಹೊರಬಂದ ಬಿಸಿ ಹಾಳೆಯನ್ನು ಕಾರಿಗರನು ಎರಡು ಕೈ, ಎರಡು ಕಾಲು, ಹಲ್ಲುಗಳಿಂದ ಹಿಡಿದು, ಮೈಯಗಲಕ್ಕೂ ಎಳೆದು ತೆಳುವಾಗಿಸುತ್ತಿದ್ದ. ಜಗತ್ತಿನ ಗುಳಿಗೆಗಳ ಮೈಮೇಲಿನ ಹೊಳಪಿನ ಹಿಂದೆ ಆ ಮನುಷ್ಯನ ಸುಟ್ಟ ಅಂಗೈ ಇದೆ.

ಮರಾಠಿಯ 'ಲಾಖ' ಇದೇ ಅರಗು. ಅದರ ಮುದ್ರೆಯೊತ್ತಿದ ಪತ್ರದಿಂದಲೇ ನಮ್ಮ 'ಲಕೋಟೆ' ಬಂದದ್ದು. ನಾನು ನೌಕರಿಗೆ ಸೇರಿದ ಹೊಸತರಲ್ಲಿ ಗೋಪ್ಯ ಲಕೋಟೆಗಳಿಗೆ ಅರಗಿನ ಕಡ್ಡಿ ಕರಗಿಸಿ ಹಿತ್ತಾಳೆಯ ಮುದ್ರೆ ಒತ್ತಿದ್ದೇನೆ. ಆ ವಾಸನೆ ಇನ್ನೂ ಮೂಗಿನಲ್ಲಿದೆ. ಹಳೆಯ ಗ್ರಾಮಫೋನ್ ತಟ್ಟೆಗಳೂ ಅರಗಿನವೇ. ನಮ್ಮ ರಂಗಗೀತೆಗಳು ಮೊದಲು ಮನೆಮನೆಗೆ ಬಂದದ್ದು ಈ ಕೀಟದ ರಾಳದ ಮೇಲೆ ಕೊರೆಸಿಕೊಂಡು. ರಾಂಚಿಯ ಬಳಿಯ ನಾಮಕುಮ್‌ನಲ್ಲಿ ಅರಗಿನ ಸಂಶೋಧನೆಗೆಂದೇ 1924ರಲ್ಲಿ ಒಂದು ಸಂಸ್ಥೆ ಹುಟ್ಟಿತು. ಮೈಸೂರಿನಲ್ಲಿ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಸ್ಥಾಪನೆಯಾಯಿತು. 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸದ ಶಾಯಿ ತಯಾರಾಗುತ್ತಿರುವುದು ಅಲ್ಲಿಯೇ. ಇಂದು ಅದರ ಹೆಸರಿನಲ್ಲಿ ಅರಗಿಲ್ಲ. ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂದು ಬದಲಾಗಿದೆ. ಗ್ರಾಮಫೋನಿನಿಂದಲೂ ಅರಗು ಹೋಯಿತು. ಗುಳಿಗೆಯ ಕವಚದಿಂದಲೂ ಬಹುಮಟ್ಟಿಗೆ ಹೋಯಿತು. ಕಾರಣವಿಲ್ಲದೆ ಅಲ್ಲ. ಕಾಲ ಕಳೆದಂತೆ ಅರಗಿನ ಕವಚ ಗಡುಸಾಗುತ್ತದೆ. ಕಪಾಟಿನಲ್ಲಿ ಎರಡು ವರ್ಷ ಕೂತ ಗುಳಿಗೆ ಕರುಳಿನಲ್ಲಿಯೂ ಕರಗದೆ ಹಾಗೆಯೇ ಹೊರಬೀಳುವ ಭಯ. ನಾರನ್ನು ರಾಸಾಯನಿಕವಾಗಿ ಮಾರ್ಪಡಿಸಿದ ಸೆಲ್ಯುಲೋಸ್ ಅಸಿಟೇಟ್ ಥಾಲೇಟ್, ಆಮೇಲೆ ಕಾರಖಾನೆಯಲ್ಲೇ ಹುಟ್ಟಿದ ಅಕ್ರಿಲಿಕ್ ಪಾಲಿಮರ್‌ಗಳು ಆ ಜಾಗಕ್ಕೆ ಬಂದವು.

ಇನ್ನು ಆ ದುಂಡನೆಯ ಕಾಳಿನ ಕಥೆ. ಸಂಕ್ರಾಂತಿಗೆ ಕುಸುರೆಳ್ಳು ಮಾಡುವುದನ್ನು ನೋಡಿದವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಸಣ್ಣ ಉರಿಯ ಮೇಲೆ ಅಗಲವಾದ ಪಾತ್ರೆ, ಅದರಲ್ಲಿ ಎಳ್ಳು. ಚಮಚದಷ್ಟು ಸಕ್ಕರೆ ಪಾಕ ಹಾಕಿ ಬೆರಳಿನಿಂದ ಆಡಿಸುವುದು, ಒಣಗಿಸುವುದು, ಮತ್ತೆ ಪಾಕ, ಮತ್ತೆ ಆಡಿಸುವುದು. ಪದರದ ಮೇಲೆ ಪದರ ಕೂತು ಎಳ್ಳು ಮುತ್ತಾಗುತ್ತದೆ. ಮಹಾರಾಷ್ಟ್ರದಲ್ಲಿ ಇದಕ್ಕೆ ಹಲ್ವಾ ಎನ್ನುತ್ತಾರೆ. ಹೊಸ ಸೊಸೆಗೂ ಪುಟ್ಟ ಮಕ್ಕಳಿಗೂ ಅದರಿಂದಲೇ ಒಡವೆ ಮಾಡಿ ತೊಡಿಸುತ್ತಾರೆ. ಯುರೋಪಿನ ಮಿಠಾಯಿಗಾರರಿಗೂ ಈ ವಿದ್ಯೆ ಗೊತ್ತಿತ್ತು. ಅಮೆರಿಕದ ವೈದ್ಯ ವಿಲಿಯಂ ಅಪ್‌ಜಾನ್ 1885ರಲ್ಲಿ ಪೇಟೆಂಟ್ ಪಡೆದ ಗುಳಿಗೆಯೂ ಹೀಗೆಯೇ ತಿರುಗುವ ಬಾಣಲೆಯಲ್ಲಿ, ಒಂದು ಸಣ್ಣ ಬೀಜದ ಸುತ್ತ ಪುಡಿಯನ್ನು ಪದರಪದರವಾಗಿ ಕೂರಿಸಿ ಕಟ್ಟಿದ್ದು. ಆ ಕಾಲದ ಅಂಟು ಹೆಚ್ಚಾದ ಗುಳಿಗೆಗಳು ಕಲ್ಲಿನಂತಾಗಿ, ರೋಗಿಯ ಹೊಟ್ಟೆಯಲ್ಲಿ ಕರಗದೆ ಸಾಗುತ್ತಿದ್ದವು. ತನ್ನ ಗುಳಿಗೆಯನ್ನು ಹೆಬ್ಬೆರಳಿನಿಂದಲೇ ಪುಡಿ ಮಾಡಬಹುದೆಂದು ತೋರಿಸುವ ಚಿತ್ರ ಅವನ ಕಂಪನಿಯ ಗುರುತಾಯಿತು. ಪುಡಿಯಾಗುವುದೇ ಗುಣವೆಂದು ಸಾರಿದ ಗುಳಿಗೆ ಒಂದು ಕಾಲಕ್ಕೆ. ಪುಡಿ ಮಾಡಿದರೆ ಕೆಡುವ ಕಾಳು ಇನ್ನೊಂದು ಕಾಲಕ್ಕೆ. ಎರಡರ ನಡುವಿನ ಎಪ್ಪತ್ತು ವರ್ಷಗಳಲ್ಲಿ ಸಹದ್ರವ್ಯದ ಕೆಲಸವೇ ಬದಲಾಗಿತ್ತು.

1952ರಲ್ಲಿ ಅಮೆರಿಕದ ಸ್ಮಿತ್ ಕ್ಲೈನ್ ಅಂಡ್ ಫ್ರೆಂಚ್ ಕಂಪನಿ 'ಸ್ಪಾನ್ಸ್ಯೂಲ್' ಎಂಬ ಕ್ಯಾಪ್ಸೂಲನ್ನು ಪೇಟೆಗೆ ತಂದಿತು. ಒಳಗೆ ನೂರಾರು ಸಕ್ಕರೆ ಕಾಳು, ಅದರ ಮೇಲೆ ಔಷಧಿ, ಅದರ ಮೇಲೆ ಬೇರೆಬೇರೆ ದಪ್ಪದ ಕವಚ. ತೆಳುಗವಚದ್ದು ಮೊದಲು ಕರಗುತ್ತದೆ, ದಪ್ಪಗವಚದ್ದು ಕಡೆಗೆ. ಒಂದೇ ಕ್ಯಾಪ್ಸೂಲ್ ಹಲವು ಗಂಟೆ ಕೆಲಸ ಮಾಡುತ್ತದೆ. ಮಿಠಾಯಿ ಅಂಗಡಿಯ ಕಾಳು ಔಷಧದಂಗಡಿಗೆ ಬಂದದ್ದು ಹೀಗೆ. ಕಾಳುಗಳಿಂದ ಇನ್ನೂ ಒಂದು ಲಾಭವಿದೆ. ಒಂದೇ ದೊಡ್ಡ ಮಾತ್ರೆಯ ಕವಚ ಬಿರುಕುಬಿಟ್ಟರೆ ಇಡೀ ಔಷಧಿ ಒಮ್ಮೆಲೇ ಹೊರಬೀಳುತ್ತದೆ. ಐದುನೂರರಲ್ಲಿ ನಾಲ್ಕು ಕಾಳು ಕೆಟ್ಟರೆ ಯಾರಿಗೂ ತಿಳಿಯುವುದಿಲ್ಲ. ಕಾಳು ಸಣ್ಣದಾದ್ದರಿಂದ ಹೊಟ್ಟೆಯಲ್ಲಿ ಬಹಳ ಹೊತ್ತು ತಡೆದು ನಿಲ್ಲದೆ ಮುಂದಕ್ಕೆ ಹರಡಿಕೊಂಡು ಸಾಗುತ್ತದೆ.

ಪದರ ಕೂರಿಸುವ ವಿಧಾನ ನಿಧಾನ. ಇನ್ನೊಂದು ದಾರಿಯನ್ನು 1960ರ ದಶಕದಲ್ಲಿ ಜಪಾನೀಯರು ತೋರಿಸಿದರು. ಅದೂ ನಮ್ಮ ಅಡುಗೆಮನೆಯ ನೆಂಟನೇ. ಒದ್ದೆ ಹಿಟ್ಟನ್ನು ಶ್ಯಾವಿಗೆ ಒತ್ತಿದಂತೆ ರಂಧ್ರಗಳಿಂದ ಒತ್ತುವುದು. ಆ ಎಳೆಗಳನ್ನು ಗೀರುಗಳಿರುವ, ವೇಗವಾಗಿ ತಿರುಗುವ ತಟ್ಟೆಯ ಮೇಲೆ ಸುರಿಯುವುದು. ಎಳೆಗಳು ತುಂಡಾಗಿ, ಉರುಳಿ, ಒಂದಕ್ಕೊಂದು ತಾಗಿ ದುಂಡಗಾಗುತ್ತವೆ. ಶ್ಯಾವಿಗೆಗೆ ಎಂಥ ಹಿಟ್ಟು ಬೇಕೆಂದು ಗೃಹಿಣಿಗೆ ಗೊತ್ತು: ತೀರ ಒಣಗಿದರೆ ಎಳೆ ಮುರಿಯುತ್ತದೆ, ನೀರು ಹೆಚ್ಚಾದರೆ ಅಂಟಿ ಮುದ್ದೆಯಾಗುತ್ತದೆ. ಔಷಧದ ಪುಡಿಗೆ ಆ ಹದವನ್ನು ತಂದುಕೊಟ್ಟದ್ದು ಮತ್ತೆ ಸೆಲ್ಯುಲೋಸೇ. 1955ರಲ್ಲಿ ಅಮೆರಿಕನ್ ವಿಸ್ಕೋಸ್ ಕಂಪನಿಯ ಆರ್ಲಾಂಡೋ ಬಟಿಸ್ಟಾ, ಮರದ ತಿರುಳಿನ ಸೆಲ್ಯುಲೋಸನ್ನು ಆಮ್ಲದಲ್ಲಿ ಕುದಿಸಿ, ನೀರಿನಲ್ಲಿ ಕಡೆದು ಇಟ್ಟಾಗ, ಅದು ತಳಕ್ಕೆ ಇಳಿಯದೆ ಬೆಣ್ಣೆಯಂತೆ ನಿಂತಿತು. ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸ್ ಎಂಬ ಈ ಪುಡಿ ಸ್ಪಂಜಿನಂತೆ ನೀರನ್ನು ಒಳಗಿಟ್ಟುಕೊಂಡು, ಒತ್ತಿದಾಗ ತುಸು ಬಿಟ್ಟು, ಎಳೆ ಜಾರುವಂತೆ ಮಾಡುತ್ತದೆ. ಅಂದಿನಿಂದ ಇಂದಿನವರೆಗೆ ಒತ್ತಿ ಉರುಳಿಸುವ ಕಾಳಿಗೆ ಅದೇ ಮೇಲುಪಂಕ್ತಿ.

ಹಾಗಾದರೆ ಸಹದ್ರವ್ಯ ನಿರುಪದ್ರವಿಯೇ? ಶಾಸ್ತ್ರಗ್ರಂಥಗಳು ಅದನ್ನು ಬಹುಕಾಲ 'ನಿಷ್ಕ್ರಿಯ ದ್ರವ್ಯ' ಎಂದು ಕರೆದವು. 1968ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿ ಮೂರ್ಛೆರೋಗದ ಔಷಧಿ ತೆಗೆದುಕೊಳ್ಳುತ್ತಿದ್ದವರು ಒಬ್ಬರ ಹಿಂದೊಬ್ಬರು ಆ ಔಷಧಿಯದೇ ವಿಷದ ಲಕ್ಷಣಗಳೊಂದಿಗೆ ಆಸ್ಪತ್ರೆಗೆ ಬಂದರು. ಔಷಧಿಯ ಪ್ರಮಾಣ ಬದಲಾಗಿರಲಿಲ್ಲ. ಕ್ಯಾಪ್ಸೂಲಿನಲ್ಲಿ ತುಂಬುತ್ತಿದ್ದ ಕ್ಯಾಲ್ಸಿಯಂ ಸಲ್ಫೇಟಿನ ಬದಲು ಹಾಲಿನ ಸಕ್ಕರೆ, ಎಂದರೆ ಲ್ಯಾಕ್ಟೋಸ್, ತುಂಬಿದ್ದರು. ಅಷ್ಟರಿಂದಲೇ ಅದೇ ಔಷಧಿ ರಕ್ತಕ್ಕೆ ಹೆಚ್ಚು ಸೇರಿತು. ಇನ್ನೂ ಘೋರವಾದದ್ದು ದ್ರವರೂಪದ ಸಹದ್ರವ್ಯಗಳ ಕಥೆ. 1937ರಲ್ಲಿ ಅಮೆರಿಕದಲ್ಲಿ ಸಲ್ಫಾ ಔಷಧಿಯನ್ನು ಡೈಎಥಿಲೀನ್ ಗ್ಲೈಕಾಲಿನಲ್ಲಿ ಕರಗಿಸಿ ಮಾರಿದ್ದರಿಂದ ನೂರಕ್ಕೂ ಹೆಚ್ಚು ಜನ, ಅವರಲ್ಲಿ ಅನೇಕರು ಮಕ್ಕಳು, ಸತ್ತರು. 1986ರಲ್ಲಿ ಇದೇ ಮುಂಬಯಿಯಲ್ಲಿ, ಅದೇ ವಿಷ ಬೆರೆತ ಗ್ಲಿಸರಿನ್ನಿನಿಂದ ದೊಡ್ಡ ಸರಕಾರಿ ಆಸ್ಪತ್ರೆಯೊಂದರ ಹದಿನಾಲ್ಕು ರೋಗಿಗಳು ಪ್ರಾಣ ಕಳೆದುಕೊಂಡರು. ನ್ಯಾಯಮೂರ್ತಿ ಲೆಂಟಿನ್ ಆಯೋಗ ಅದರ ವಿಚಾರಣೆ ನಡೆಸಿತು. ಅವು ಪಾಲಿಮರ್‌ಗಳಲ್ಲ, ನಿಜ. ಆದರೆ ಪಾಠ ಒಂದೇ: ಹೆಸರಿಲ್ಲದ್ದನ್ನು ಯಾರೂ ಪರೀಕ್ಷಿಸುವುದಿಲ್ಲ. 'ತಕ್ಕಷ್ಟು' ಎಂಬ ಮಾತು ಅಡುಗೆಯವಳ ಬಾಯಲ್ಲಿ ಅನುಭವದ ಗುರುತು. ಹಾಳೆಯ ಮೇಲೆ ಅದು ಅಲಕ್ಷ್ಯದ ಮುಸುಕೂ ಆಗಬಹುದು.

ಇತ್ತೀಚಿನ ದಶಕಗಳಲ್ಲಿ ಔಷಧ ಕಾಲೇಜುಗಳ ಪ್ರಯೋಗಶಾಲೆಗಳು ಮತ್ತೆ ಮರಗಿಡಗಳ ಕಡೆಗೆ ತಿರುಗಿವೆ. ಕಡಲಕಳೆಯ ಆಲ್ಜಿನೇಟ್, ಸಿಗಡಿ ಚಿಪ್ಪಿನಿಂದ ಬರುವ ಕೈಟೋಸಾನ್, ಹಣ್ಣಿನ ಸಿಪ್ಪೆಯ ಪೆಕ್ಟಿನ್, ಮೆಂತ್ಯದ ಲೋಳೆ, ನಮ್ಮ ಗೋರಿಕಾಯಿಯ ಬೀಜದ ಅಂಟು ಇವೆಲ್ಲ ಕಾಳು ಕಟ್ಟಲು ಪರೀಕ್ಷೆಗೊಳಗಾಗುತ್ತಿವೆ. ದೇಹ ಇವನ್ನು ಸಹಿಸುತ್ತದೆ, ಮಣ್ಣು ಇವನ್ನು ಕರಗಿಸುತ್ತದೆ, ಬೆಲೆಯೂ ಕಡಿಮೆ. ತೊಡಕುಗಳೂ ಅಷ್ಟೇ ನಿಜ. ಈ ವರ್ಷದ ಮಳೆಯಲ್ಲಿ ಬಂದ ಅಂಟು ಹೋದ ವರ್ಷದ ಬರದ ಅಂಟಿನಂತೆ ಇರುವುದಿಲ್ಲ. ಸಸ್ಯದ ಅಂಟು ಸೂಕ್ಷ್ಮಜೀವಿಗಳಿಗೂ ಆಹಾರ. ಶುದ್ಧಿ ತಪ್ಪಿದರೆ ಔಷಧಿಯೇ ಕೆಡುತ್ತದೆ. ಪ್ರಕೃತಿಯದು ಎಂಬ ಒಂದೇ ಕಾರಣಕ್ಕೆ ಅಂಟು ಒಳ್ಳೆಯದಾಗುವುದಿಲ್ಲ. ಪ್ರತಿ ಚೀಲವನ್ನೂ ಅಳೆದು ನೋಡಬೇಕಾಗುತ್ತದೆ. ಮರದ ಪಾಡೂ ಇದೆ. ಶಾರ್ಙ್ಗಧರ ಹೇಳಿದ ಗುಗ್ಗುಳದ ಗಿಡವನ್ನು ಹೆಚ್ಚು ಅಂಟಿನ ಆಸೆಗೆ ಆಳವಾಗಿ ಕಚ್ಚುಮಾಡಿ, ಗಿಡವೇ ಸಾಯುವಂತಾಗಿ, ಇಂದು ಅದು ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಅಂಟು ಕೀಳುವವನಿಗೆ ಸಿಗುವ ಕಾಸು ಮತ್ತು ಆ ಅಂಟು ಹಿಡಿದಿಟ್ಟ ಔಷಧಿಯ ಬೆಲೆ, ಇವೆರಡರ ನಡುವಿನ ದೂರವನ್ನು ಯಾವ ಹಾಳೆಯೂ ಮುದ್ರಿಸುವುದಿಲ್ಲ.

ಇದನ್ನೆಲ್ಲ ಓದುತ್ತಿದ್ದ ದಿನಗಳಲ್ಲಿ ಒಂದು ಸಂಜೆ ಅಮ್ಮನಿಗೆ ಹುಣಸೆ ಬೀಜದ ಅಂಟಿನ ವಿಷಯ ಹೇಳಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪಿಷ್ಟಕ್ಕೆ ಕೊರತೆಯಾದಾಗ, ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯವರು ಹುಣಸೆ ಬೀಜದ ಹಿಟ್ಟನ್ನು ನೂಲಿನ ಗಂಜಿಗೆ ಬಳಸುವ ದಾರಿ ಶೋಧಿಸಿದರೆಂದೂ, ಅದೇ ಅಂಟನ್ನು ಈಗ ಔಷಧಿ ನಿಧಾನವಾಗಿ ಬಿಡುವ ಗುಳಿಗೆಗಳಲ್ಲೂ, ಕಣ್ಣಿನ ಹನಿಗಳಲ್ಲೂ ಉಪಯೋಗಿಸುತ್ತಾರೆಂದೂ ವಿವರಿಸಿದೆ.

ಅಮ್ಮ ಕೇಳುತ್ತ ಕೂತಿದ್ದವಳು ನಕ್ಕಳು. "ಅದನ್ನ ಡೆಹ್ರಾಡೂನಿನವರು ಕಂಡುಹಿಡಿಯಬೇಕಿತ್ತೇನೋ?" ಎಂದಳು. ಅವಳ ತವರು ಚಳ್ಳಕೆರೆಯ ಹತ್ತಿರದ ಹಳ್ಳಿ. ಪಕ್ಕದ ಓಣಿಯೆಲ್ಲ ಕಂಬಳಿ ನೇಯುವವರದು. ಬೇಸಗೆಯಲ್ಲಿ ಮಕ್ಕಳೆಲ್ಲ ಹುಣಸೆ ಬೀಜ ಆರಿಸಿ ಕೊಡುತ್ತಿದ್ದರಂತೆ. ಅದನ್ನು ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು, ಕುದಿಸಿ, ಬೀದಿಯುದ್ದಕ್ಕೂ ಹಾಸಿ ಕಟ್ಟಿದ ಉಣ್ಣೆಯ ನೂಲಿಗೆ ಸವರುತ್ತಿದ್ದರು. ಆ ಗಂಜಿ ಇಲ್ಲದಿದ್ದರೆ ನೂಲು ಮಗ್ಗದ ಮೇಲೆ ಒಂದು ಗೇಣೂ ನಿಲ್ಲದು, ಹರಿದುಹೋಗುತ್ತದೆ ಎಂದಳು. "ಎಷ್ಟು ಹಾಕುತ್ತಿದ್ದರು?" ಎಂದು ಕೇಳಿದೆ. ಕೇಳಿದ ಮೇಲೆ ಉತ್ತರ ಏನೆಂದು ನನಗೇ ಹೊಳೆಯಿತು.

"ತಕ್ಕಷ್ಟು," ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಹೊನ್ನಮ್ಮನ ಕೈಗೆ ಗೊತ್ತಾಗುತ್ತಿತ್ತು," ಎಂದು ಸೇರಿಸಿದಳು. ಅರವತ್ತು ವರ್ಷಗಳ ಮೇಲೂ ಅವಳಿಗೆ ಆ ಗಂಜಿ ಕಾಯಿಸುತ್ತಿದ್ದವಳ ಹೆಸರು ನೆನಪಿತ್ತು.

ಮರುದಿನ ಬೆಳಗ್ಗೆ ವೈದ್ಯರು ಹೇಳಿಕೊಟ್ಟಂತೆ ಕ್ಯಾಪ್ಸೂಲನ್ನು ಬಿಡಿಸಿ, ಕಾಳುಗಳನ್ನು ಮೆತ್ತಗಿನ ಒಂದು ಚಮಚ ಹಣ್ಣಿನ ತಿರುಳಿನ ಮೇಲೆ ಉದುರಿಸಿ, ಅಗಿಯದೆ ನುಂಗಬೇಕೆಂದು ಎಚ್ಚರಿಸಿ ಕೊಟ್ಟೆ. ಮೂರನೆಯ ವಾರದ ಹೊತ್ತಿಗೆ ಉರಿ ತಗ್ಗಿತು. ಖಾಲಿ ಹಾಳೆಯನ್ನು ಕಸಕ್ಕೆ ಹಾಕುವ ಮೊದಲು ಹಿಂಬದಿಯ ಕೊನೆಯ ಸಾಲನ್ನು ಇನ್ನೊಮ್ಮೆ ಓದಿಕೊಂಡೆ. ಕುಟ್ಟಾಣಿ ಈಗ ಮತ್ತೆ ಶುಂಠಿ, ಏಲಕ್ಕಿಗಳಿಗೆ ಮೀಸಲಾಗಿದೆ.